ದಾವಣಗೆರೆ, ಚಿತ್ರದುರ್ಗದಿಂದ ಟೈಮ್ ಟ್ರಯಲ್‌ಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಎ-16, ಕೆಎ-17 ನಂಬರಿನ ಮಾಡಿಫೈಡ್ ಕಾರುಗಳಿಗೆ ನಮ್ಮ ಕಡೆ ಬರವಿಲ್ಲ. ಬರ ಇರುವುದು ಟ್ರ್ಯಾಕಿಗೆ. ಹಾಗಾಗಿ ಇಲ್ಲಿಯ ಟೈಮ್ ಟ್ರಯಲ್ ಕಾರಿಗೆ ಮೂರು ಕೆಲಸ: ಐನೂರು ಚಿಲ್ಲರೆ ಕಿಲೋಮೀಟರ್ ಹೋಗಬೇಕು, ಅಲ್ಲಿ ಓಡಬೇಕು, ಮತ್ತೆ ಅಷ್ಟೇ ದೂರ ತನ್ನ ಚಕ್ರದ ಮೇಲೇ ವಾಪಸ್ ಬರಬೇಕು. ಕೆಳಗಿನ ಉತ್ತರಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ. ಕಾರನ್ನು ಲಾರಿಯಲ್ಲೋ ಟ್ರೈಲರಿನಲ್ಲೋ ಒಯ್ಯುವವರಿಗೆ ಎಲ್ಲಿ ಲೆಕ್ಕ ಬೇರೆಯಾಗುತ್ತದೋ ಅಲ್ಲೇ ಹೇಳಿದ್ದೇವೆ.

ಟೈಮ್ ಟ್ರಯಲ್ ಅಂದರೆ ರೇಸೇ ತಾನೆ?

ರೇಸಿನಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಮೊದಲು ಮುಟ್ಟಿದವನು ಗೆದ್ದ. ಟೈಮ್ ಟ್ರಯಲ್‌ನಲ್ಲಿ ಕಾರುಗಳನ್ನು ನಡುವೆ ಅಂತರ ಕೊಟ್ಟು ಬಿಡುತ್ತಾರೆ. ನಿಮ್ಮ ಅತಿ ವೇಗದ ಒಂದು ಸುತ್ತು ಎಷ್ಟು ಸೆಕೆಂಡಿನದು ಎಂಬುದಷ್ಟೇ ಲೆಕ್ಕ. ಒಂದು ಸೆಷನ್ ಸಾಮಾನ್ಯವಾಗಿ 15-20 ನಿಮಿಷ: ಟಯರು, ಬ್ರೇಕು ಬಿಸಿಯಾಗಲು ಒಂದು ಸುತ್ತು, ಬಳಿಕ ಎರಡು-ಮೂರು ಜೋರು ಸುತ್ತು, ಕೊನೆಗೆ ತಣ್ಣಗಾಗಲು ಒಂದು ಸುತ್ತು. ಕಾರಿಗೆ ಟ್ರಾನ್ಸ್‌ಪಾಂಡರ್ ಕಟ್ಟಿರುತ್ತಾರೆ, ನೆಲದಡಿಯ ಲೂಪ್ ದಾಟಿದಾಗ ಸಮಯ ದಾಖಲಾಗುತ್ತದೆ.

ಆಟೋಕ್ರಾಸ್ ಇದರ ತಮ್ಮ. ಬಯಲಲ್ಲಿ ಕೋನ್ ಇಟ್ಟು ಮಾಡುವ ಚಿಕ್ಕ ಓಟ. ಕೋನ್ ಬಿದ್ದರೆ ಸಮಯಕ್ಕೆ ದಂಡ ಸೇರುತ್ತದೆ. ವೇಗ ಕಮ್ಮಿ, ಖರ್ಚೂ ಕಮ್ಮಿ, ಕಲಿಕೆ ಮಾತ್ರ ಜಾಸ್ತಿ. ಹೊಸಬರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಹತ್ತಿರದ ಟ್ರ್ಯಾಕ್ ಯಾವುದು?

'ಹತ್ತಿರ' ಅನ್ನುವಂಥದ್ದು ಯಾವುದೂ ಇಲ್ಲ. ಬೆಂಗಳೂರಲ್ಲಿ ಸಿಗುವುದು ಗೋ-ಕಾರ್ಟ್ ಟ್ರ್ಯಾಕು. ಕಾರಿಗೆ ಬೇಕೆಂದರೆ ತಮಿಳುನಾಡೇ ಗತಿ. ಶ್ರೀಪೆರಂಬುದೂರು ಪಕ್ಕದ ಇರುಂಗಾಟ್ಟುಕೋಟೈಯಲ್ಲಿ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇದೆ, 3.717 ಕಿ.ಮೀ. ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಸುಮಾರು 2.1 ಕಿ.ಮೀ.

ದಾವಣಗೆರೆಯವರಿಗೆ ಒಂದು ಅನುಕೂಲ ಉಂಟು. ಪಿ.ಬಿ. ರಸ್ತೆ ಬಿಟ್ಟು ಎನ್‌ಎಚ್ 48 ಹತ್ತಿದರೆ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು, ಬೆಂಗಳೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಇರುಂಗಾಟ್ಟುಕೋಟೈವರೆಗೂ ಅದೇ ಹೆದ್ದಾರಿ. ದೂರ ಸುಮಾರು 570 ಕಿ.ಮೀ.; ದುರ್ಗದವರಿಗೆ ಅರವತ್ತು ಕಮ್ಮಿ. ಹಿಂದಿನ ಮಧ್ಯಾಹ್ನವೇ ಹೊರಟು ರಾಣಿಪೇಟೆಯಲ್ಲೋ ಶ್ರೀಪೆರಂಬುದೂರಲ್ಲೋ ಮಲಗಿ. ರಾತ್ರಿಯಿಡೀ ಓಡಿಸಿಕೊಂಡು ಹೋಗಿ ಬೆಳಿಗ್ಗೆ ಟ್ರ್ಯಾಕಿಗೆ ಇಳಿಯುವವರ ಬ್ರೇಕಿಂಗ್ ಪಾಯಿಂಟು (ಬ್ರೇಕ್ ಒತ್ತುವ ಜಾಗ) ಸುತ್ತಿಗೊಂದು ಕಡೆ ಇರುತ್ತದೆ.

ಇನ್ನೊಂದು: ನಮ್ಮ ಮಳೆಗಾಲ ಮುಗಿಯಿತು ಎಂದು ಅಕ್ಟೋಬರ್-ನವೆಂಬರಿನಲ್ಲಿ ಹೊರಡುವವರಿಗೆ ಅಲ್ಲಿ ಹಿಂಗಾರು ಕಾದಿರುತ್ತದೆ. ಚೆನ್ನೈ ಕಡೆಗೆ ಜೋರು ಮಳೆ ಆಗಲೇ. ಆ ತಿಂಗಳುಗಳಲ್ಲಿ ತೋಡು ಚೆನ್ನಾಗಿರುವ ಟಯರ್ ಒಂದು ಜೊತೆಯಾದರೂ ಇರಲಿ.

ಬೆಳಗಿನ ಜಾವ ಬೈಪಾಸ್ ಖಾಲಿ ಇರುತ್ತದೆ. ಅಲ್ಲಿ ಒಂದು ರನ್ ತೆಗೆದರೆ?

ಬೇಡ. ಆ ಹೊತ್ತಿಗೆ ಬೈಪಾಸ್ ಖಾಲಿ ಇರುವುದಿಲ್ಲ, ಖಾಲಿ ಇದ್ದಂತೆ ಕಾಣುತ್ತದೆ. ಹಾಲಿನವರು, ಎಪಿಎಂಸಿಗೆ ಹೊರಟ ಟ್ರ್ಯಾಕ್ಟರು, ಹಿಂದೆ ಲೈಟೇ ಇಲ್ಲದ ಟ್ರೈಲರು. ಸಾರ್ವಜನಿಕ ಜಾಗದಲ್ಲಿ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ವೇಗದ ಪರೀಕ್ಷೆ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷ, 10,000 ರೂಪಾಯಿವರೆಗೆ.

ಮಾಡಿಫೈ ಮಾಡಿದ ಕಾರಿಗೆ ಆರ್‌ಟಿಒ ತಕರಾರು ಬರುತ್ತಾ? ವಿಮೆ ಸಿಗುತ್ತಾ?

ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಕಾರನ್ನು ಬದಲಿಸಬಾರದು ಎನ್ನುತ್ತದೆ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. 182ಎ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು, ಜೈಲಿಗೂ ಅವಕಾಶ ಇದೆ. ಪ್ಯಾಡು, ಬ್ರೇಕ್ ಆಯಿಲು, ಅಲೈನ್‌ಮೆಂಟು ಇವು ಸವಕಳಿ ಮತ್ತು ಹೊಂದಾಣಿಕೆಯ ಬಾಬತ್ತು, ಇದರ ಗೊಡವೆ ಇಲ್ಲ. ಎಂಜಿನ್ ಬದಲು, ಗುಡುಗುವ ಎಕ್ಸಾಸ್ಟು, ಕತ್ತರಿಸಿದ ಬಾಡಿ ಇವುಗಳ ಜೊತೆ ಹೆದ್ದಾರಿಗೆ ಇಳಿದರೆ ನಾಲ್ಕು ಜಿಲ್ಲೆ ದಾಟುವಷ್ಟರಲ್ಲಿ ಯಾರಾದರೂ ಕೈ ಅಡ್ಡ ಹಿಡಿಯುತ್ತಾರೆ. ಅಂಥ ಕಾರನ್ನು ಫ್ಲಾಟ್‌ಬೆಡ್ ಮೇಲೇ ಒಯ್ಯಿರಿ.

ವಿಮೆಯ ಪಾಲಿಸಿಯಲ್ಲಿ 'ಬಳಕೆಯ ಮಿತಿ' ಎಂಬ ಭಾಗ ಓದಿ. ಸಂಘಟಿತ ರೇಸು, ವೇಗ ಪರೀಕ್ಷೆ ಇವೆರಡೂ ಹೊರಗೆ ಎಂದು ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಗೋಡೆಗೆ ಹೊಡೆದರೆ ಬಂಪರಿನಿಂದ ಚಾಸಿಯವರೆಗೆ ಎಲ್ಲವೂ ನಿಮ್ಮ ಜೇಬಿನಿಂದ. ಈ ಲೆಕ್ಕ ಮನೆಯಲ್ಲಿ ಮೊದಲೇ ಹೇಳಿಬಿಡುವುದು ಕ್ಷೇಮ.

ಲೈಸೆನ್ಸ್ ಬೇಕಾ?

ಬರೀ ಟ್ರ್ಯಾಕ್ ಡೇ (ಸ್ಪರ್ಧೆ ಇಲ್ಲದೆ ಟ್ರ್ಯಾಕಿನಲ್ಲಿ ಓಡಿಸುವ ದಿನ) ಆದರೆ ಮಾಮೂಲಿ ಡ್ರೈವಿಂಗ್ ಲೈಸೆನ್ಸಿನ ಮೇಲೆ ಬಿಡುವುದುಂಟು. ಅಧಿಕೃತ ಸ್ಪರ್ಧೆ ಎಂದರೆ ದೇಶದ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಕೊಡುವ ಸ್ಪರ್ಧಾ ಲೈಸೆನ್ಸ್ ಬೇಕು. ಇದು ವರ್ಷಕ್ಕೊಮ್ಮೆ ಹೊಸದಾಗಿ ಪಡೆಯಬೇಕಾದದ್ದು. ವೈದ್ಯಕೀಯ ಪ್ರಮಾಣಪತ್ರ, ರಕ್ತದ ಗುಂಪಿನ ವಿವರ ಸಿದ್ಧವಿಟ್ಟುಕೊಳ್ಳಿ. ಪ್ರತಿ ಸ್ಪರ್ಧೆಗೂ ಸಂಘಟಕರು 'ಪೂರಕ ನಿಯಮಾವಳಿ' ಹೊರಡಿಸುತ್ತಾರೆ. ದುಡ್ಡು ಕಟ್ಟುವ ಮುಂಚೆ ಅದನ್ನು ಪೂರ್ತಿ ಓದಿ, ಮುಖ್ಯವಾಗಿ ಕ್ಲಾಸ್ ವಿಂಗಡಣೆಯ ಪುಟ.

ಅಲ್ಲೇ ಬಹಳ ಜನ ಎಡವುವುದು. ವಿಶ್ವ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎ ನಿಯಮಗಳಲ್ಲಿ ಪೆಟ್ರೋಲ್ ಟರ್ಬೊ ಎಂಜಿನ್ನಿನ ಸಿಸಿಯನ್ನು 1.7ರಿಂದ ಗುಣಿಸುವ ಪದ್ಧತಿ ಇದೆ. ನಿಮ್ಮ ಸ್ಪರ್ಧೆಯಲ್ಲೂ ಅದೇ ಇದ್ದರೆ, ಪೋಲೊ 1.2 ಟಿಎಸ್‌ಐನ 1197 ಸಿಸಿ ಲೆಕ್ಕದಲ್ಲಿ 2035 ಆಗುತ್ತದೆ. 'ಸಣ್ಣ ಎಂಜಿನ್' ಎಂದುಕೊಂಡು ಹೋದವರು ಎರಡು ಲೀಟರ್ ಮೀರಿದವರ ಜೊತೆ ನಿಲ್ಲಬೇಕಾಗುತ್ತದೆ.

ಯಾವ ಕಾರಿನಿಂದ ಶುರು ಮಾಡಲಿ?

ಮನೆಯಲ್ಲಿ ಇರುವುದರಿಂದ. ಕೊಳ್ಳುವುದೇ ಆದರೆ ಹಗುರ ಇರಬೇಕು, ಬಿಡಿಭಾಗ ದಾವಣಗೆರೆಯಲ್ಲೇ ಸಿಗಬೇಕು. ಸ್ವಿಫ್ಟ್ ಪೆಟ್ರೋಲ್‌ಗೆ ಇವೆರಡೂ ಇವೆ. ಹಳೇ ಎಸ್ಟೀಮ್ 900 ಕೆಜಿಯೊಳಗಿನ ಕಾರು, ಅದರ 1.3 ಎಂಜಿನ್ನು ಈ ದೇಶದ ರ‍್ಯಾಲಿ-ರೇಸಿನವರಿಗೆಲ್ಲ ಬಾಯಿಪಾಠ. ಆದರೆ ಈಗ ಸಿಗುವುವಕ್ಕೆ ತುಕ್ಕು ಹಿಡಿದಿರುತ್ತದೆ; ಸ್ಟ್ರಟ್ ಟವರಿನ (ಶಾಕಿನ ಮೇಲ್ತುದಿ ಕೂರುವ ಜಾಗ) ಬುಡ, ಡೋರಿನ ಕೆಳಗಿನ ಸಿಲ್ ಎರಡನ್ನೂ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಚುಚ್ಚಿದ್ದು ಒಳಗೆ ಹೋದರೆ ಕೈಮುಗಿದು ಬನ್ನಿ.

ಐವತ್ತು ಸಾವಿರ ಇಟ್ಟಿದ್ದೇನೆ. ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಲಾ, ಎಕ್ಸಾಸ್ಟ್ ಹಾಕಿಸಲಾ?

ಎರಡೂ ಬೇಡ. ಮೊದಲು ಬ್ರೇಕು.

ಲೆಕ್ಕ ನೋಡಿ. 1000 ಕೆಜಿ ಕಾರನ್ನು ಗಂಟೆಗೆ 150ರಿಂದ 70ಕ್ಕೆ ಇಳಿಸಿದರೆ ಸುಮಾರು 680 ಕಿಲೋಜೂಲ್ ಶಾಖ ಹುಟ್ಟುತ್ತದೆ. ಎರಡು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಅದು. ಇದೆಲ್ಲ ನಾಲ್ಕೈದು ಸೆಕೆಂಡಿನಲ್ಲಿ, ಹೆಚ್ಚುಪಾಲು ಮುಂದಿನ ಎರಡು ಡಿಸ್ಕಿಗೆ. ಇನ್ನೊಂದು ತಿರುವು ಬರುವಷ್ಟರಲ್ಲಿ ಮತ್ತೆ ಅಷ್ಟು. ಊರೊಳಗೆ ಹದಡಿ ರಸ್ತೆಯಲ್ಲಿ ಓಡಾಡುವ ಬ್ರೇಕಿಗೆ ಈ ಅಭ್ಯಾಸ ಇರುವುದಿಲ್ಲ.

ಕೆಡುವುದು ಎರಡು ಬಗೆ, ಎರಡರ ಲಕ್ಷಣವೂ ಬೇರೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ತನ್ನ ಶಾಖದ ಮಿತಿ ದಾಟಿದೆ. ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ನೆಲಕ್ಕೆ ಹೋದರೆ ಬ್ರೇಕ್ ಆಯಿಲ್ ಕುದಿದಿದೆ, ಪೈಪಿನಲ್ಲಿ ಆವಿ ತುಂಬಿದೆ. ಮೊದಲನೆಯದಕ್ಕೆ ಪ್ಯಾಡ್ ಬದಲಿಸಿ, ಎರಡನೆಯದಕ್ಕೆ ಆಯಿಲ್.

ಬ್ರೇಕ್ ಆಯಿಲಿನ ದರ್ಜೆಗೆ ಡಾಟ್ ಎನ್ನುತ್ತಾರೆ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯದು, ತೇವ ಹೀರಿದ ಮೇಲೆ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ರೇಸಿಂಗ್ ಆಯಿಲ್‌ಗಳು 300 ದಾಟುತ್ತವೆ. ಡಾಟ್ 5 ಎಂಬುದು ಸಿಲಿಕೋನ್, ಹೆಸರು ಒಂದೇ ಥರ ಇದೆ ಎಂದು ಬೆರೆಸಬೇಡಿ. ಒಂದು ಲೀಟರ್ ತಂದರೆ ಸಣ್ಣ ಕಾರಿನ ಹಳೆಯದನ್ನು ಪೂರ್ತಿ ತೊಳೆದು ತುಂಬಲು ಸಾಕು. ಹೊರಡುವ ವಾರವೇ ಬದಲಿಸಿ, ಸೀಲ್ ಒಡೆದು ಆರು ತಿಂಗಳು ಗ್ಯಾರೇಜಿನ ಶೆಲ್ಫಿನಲ್ಲಿ ಕೂತ ಡಬ್ಬಿ ಬೇಡ.

ಹಿಂದೆ ಡ್ರಮ್ ಇರುವ ಕಾರಿನಲ್ಲಿ ಶೂ (ಡ್ರಮ್ಮಿನೊಳಗೆ ಒತ್ತುವ ಬ್ರೇಕ್ ಪಟ್ಟಿ) ಅಡ್ಜಸ್ಟ್ ಮಾಡಿಸಿ. ಶೂ ಸಡಿಲ ಇದ್ದರೆ ಪೆಡಲ್ ಅರ್ಧ ದಾರಿ ಸುಮ್ಮನೆ ಹೋಗುತ್ತದೆ, ನೀವು ಮುಂದಿನ ಬ್ರೇಕಿನಲ್ಲಿ ಗಾಳಿ ಇದೆ ಎಂದುಕೊಂಡು ಮೂರು ಸಲ ಬ್ಲೀಡ್ (ಪೈಪಿನ ಗಾಳಿ ಹೊರಗೆ ತೆಗೆಯುವುದು) ಮಾಡಿಸುತ್ತೀರಿ. ಫಾಗ್ ಲ್ಯಾಂಪಿನ ತೂತಿನಿಂದ ಡಿಸ್ಕಿನ ನಡುಭಾಗಕ್ಕೆ 63-75 ಮಿ.ಮೀ. ಪೈಪ್ ಎಳೆದರೆ ತಂಪು ಗಾಳಿ ಸಿಗುತ್ತದೆ. ಅಗ್ಗದ ಉಪಾಯ, ಆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಪೈಪು ಟಯರಿಗೆ ತಾಗುವುದಿಲ್ಲ ಎಂದು ನೋಡಿಕೊಳ್ಳಿ.

ಹೊಸ ಪ್ಯಾಡ್ ಹಾಕಿಸಿದೆ. ಮೊದಲ ಸೆಷನ್ನಿನಲ್ಲೇ ಬ್ರೇಕ್ ಹೋಯಿತು. ಯಾಕೆ?

ಪ್ಯಾಡ್ ಪಳಗಿಸಿಲ್ಲ. ಹೊಸ ಪ್ಯಾಡಿನೊಳಗಿನ ಅಂಟು ಮೊದಲ ಸಲ ಜೋರಾಗಿ ಕಾದಾಗ ಅನಿಲ ಬಿಡುತ್ತದೆ. ಆ ಅನಿಲದ ಪದರ ಪ್ಯಾಡಿಗೂ ಡಿಸ್ಕಿಗೂ ನಡುವೆ ಕೂರುತ್ತದೆ. ಕಾರು ಜಾರುತ್ತಾ ಹೋಗುತ್ತದೆ. ಟ್ರ್ಯಾಕಿನ ಮೊದಲ ಸುತ್ತುಗಳಲ್ಲಿ 80ರಿಂದ 20ಕ್ಕೆ ಎಂಟು-ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಆಮೇಲೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಆರಿಸಿ. ಡಿಸ್ಕಿನ ಮೇಲೆ ಒಂದೇ ಸಮನಾದ ಬೂದು-ನೀಲಿ ಪದರ ಬಂದಿದ್ದರೆ ಕೂತಿದೆ.

ಟಯರ್ ಯಾವುದು?

ಪಕ್ಕೆಯಲ್ಲಿ ಟ್ರೆಡ್‌ವೇರ್ ಸಂಖ್ಯೆ ಅಚ್ಚಾಗಿದ್ದರೆ ನೋಡಿ. ಕಂಪನಿಯಿಂದ ಬರುವವು 300-400ರ ಆಚೀಚೆ, ಟ್ರ್ಯಾಕಿಗೆ ಹೊಂದುವ ರಸ್ತೆ ಟಯರು 200ರ ಸುತ್ತ. ಸಂಖ್ಯೆ ಇಳಿದಷ್ಟೂ ಹಿಡಿತ ಜಾಸ್ತಿ, ಆಯುಸ್ಸು ಕಮ್ಮಿ. ಮೊದಲ ಎರಡು ಸ್ಪರ್ಧೆಗೆ ಒಳ್ಳೆಯ ಮಾಮೂಲಿ ಟಯರೇ ಸಾಕು. ಅದು ಜಾರುವ ಮುಂಚೆ ಕಿರುಚಿ ಹೇಳುತ್ತದೆ. ಸೆಮಿ-ಸ್ಲಿಕ್ (ತೋಡು ಬಹಳ ಕಮ್ಮಿ ಇರುವ ಟ್ರ್ಯಾಕ್ ಟಯರು) ಅಷ್ಟು ಹೊತ್ತು ಸುಮ್ಮನಿದ್ದು ಒಮ್ಮೆಗೇ ಬಿಡುತ್ತದೆ.

ಸೆಮಿ-ಸ್ಲಿಕ್ ಇದ್ದವರು ಅದರ ಮೇಲೆ 570 ಕಿ.ಮೀ. ಓಡಿಸಿಕೊಂಡು ಹೋಗಬೇಡಿ. ಹಿಂದಿನ ಸೀಟು ಮಡಚಿ ನಾಲ್ಕನ್ನೂ ಒಳಗೆ ಹಾಕಿಕೊಳ್ಳಿ, ಬೆಲ್ಟಿನಿಂದ ಕಟ್ಟಿ. ಟಯರಿನ ತಯಾರಿ ದಿನಾಂಕವನ್ನೂ ನೋಡಿ: ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಯಾರೋ 'ಹೊಸದು' ಎಂದು ಮಾರುವ ಆರು ವರ್ಷದ ಟಯರು ತೋಡಿನಲ್ಲಿ ಹೊಸದು, ರಬ್ಬರಿನಲ್ಲಿ ಮುದುಕ.

ಗಾಳಿ ಎಷ್ಟು ಹಾಕಲಿ?

ತಣ್ಣಗಿನ ಅಂಕಿ ಕೇಳಿ ಪ್ರಯೋಜನವಿಲ್ಲ, ಬಿಸಿಯಾದ ಮೇಲಿನದ್ದು ಮುಖ್ಯ. ಟಯರಿನೊಳಗಿನ ಗಾಳಿ ಸುಮಾರು 6 ಡಿಗ್ರಿ ಕಾದಾಗ 1 ಪಿಎಸ್‌ಐ ಏರುತ್ತದೆ. ಒಂದು ಸೆಷನ್ನಿನಲ್ಲಿ 5ರಿಂದ 8 ಏರುವುದು ಮಾಮೂಲು. ಮುಂಚಕ್ರ ಎಳೆಯುವ ಸಣ್ಣ ಕಾರಿಗೆ ಬಿಸಿಯಲ್ಲಿ ಮುಂದೆ 34-36, ಹಿಂದೆ 36-38ರಿಂದ ಶುರು ಮಾಡಿ. ಅಂದರೆ ಬೆಳಿಗ್ಗೆ ತಣ್ಣಗಿದ್ದಾಗ ಮುಂದೆ 28-29. ಸೆಷನ್ ಮುಗಿಸಿ ಪಿಟ್ಟಿಗೆ (ಟ್ರ್ಯಾಕ್ ಪಕ್ಕದ ಕಾರು ನಿಲ್ಲಿಸುವ ಜಾಗ) ಬಂದ ಒಂದು ನಿಮಿಷದೊಳಗೆ ಅಳೆಯಬೇಕು.

ಪಕ್ಕೆಯ ಅಂಚಿನಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಭುಜದ ತ್ರಿಕೋನದ ಗುರುತು ದಾಟಿ ಗೆರೆ ಅಳಿಸಿದ್ದರೆ ಟಯರ್ ಮಗುಚುತ್ತಿದೆ, ಗಾಳಿ ಏರಿಸಿ. ಅಲ್ಲಿಗೆ ಮುಟ್ಟಿಯೇ ಇಲ್ಲ ಎಂದರೆ ಇಳಿಸಿ.

ನಮ್ಮೂರಿನವರಿಗೆ ಒಂದು ವಿಶೇಷ ಲೆಕ್ಕ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಇರುಂಗಾಟ್ಟುಕೋಟೈ ಹೆಚ್ಚುಕಮ್ಮಿ ಸಮುದ್ರ ಮಟ್ಟದಲ್ಲೇ. ಹೊರಗಿನ ವಾಯುಭಾರ ಅಲ್ಲಿ ಸುಮಾರು 1 ಪಿಎಸ್‌ಐ ಜಾಸ್ತಿ. ಹಾಗಾಗಿ ಇಲ್ಲಿ 32 ತೋರಿಸಿದ ಟಯರು ಅದೇ ಬಿಸಿಲಲ್ಲಿ ಅಲ್ಲಿ 31 ತೋರಿಸುತ್ತದೆ. ಪಂಕ್ಚರ್ ಆಗಿದೆ ಎಂದು ಗಾಬರಿಯಾಗಿ ಸೋಪುನೀರು ಹುಡುಕುವುದು ಬೇಡ.

ಸ್ಪ್ರಿಂಗ್ ಒಂದು ಸುತ್ತು ಕಟ್ ಮಾಡಿಸಿದರೆ ಕಾರು ಕೂರುತ್ತದಲ್ಲ, ಅದು ಸಾಲದಾ?

ಕೂರುವುದೇನೋ ಕೂರುತ್ತದೆ, ತಿರುಗುವುದಿಲ್ಲ. ಕತ್ತರಿಸಿದ ಸ್ಪ್ರಿಂಗಿನ ಕಾರಿನಲ್ಲಿ ಶಾಕ್‌ಗೆ ಚಲಿಸಲು ಉಳಿಯುವ ಜಾಗ ಕಮ್ಮಿ. ತಿರುವಿನಲ್ಲಿ ವಾಲಿದಾಗ ಹೊರಚಕ್ರದ ಸ್ಟ್ರಟ್ ಬಂಪ್ ಸ್ಟಾಪಿಗೆ (ಶಾಕಿನ ಕೊನೆಯ ರಬ್ಬರ್ ತಡೆ) ಹೋಗಿ ಬಡಿಯುತ್ತದೆ. ಆ ಕ್ಷಣಕ್ಕೆ ಸ್ಪ್ರಿಂಗು ಕಬ್ಬಿಣದ ಗೂಟವಾದಂತೆ. ಮುಂದಿನ ಟಯರ್ ಹಿಡಿತ ಬಿಟ್ಟು ಕಾರು ನೇರ ಹೋಗುತ್ತದೆ. ಇಳಿಸುವುದಿದ್ದರೆ 25-30 ಮಿ.ಮೀ. ಸಾಕು, ಅದೂ ಆ ಎತ್ತರಕ್ಕೆಂದೇ ಮಾಡಿದ ಸ್ಪ್ರಿಂಗು, ಅದಕ್ಕೆ ಹೊಂದುವ ಶಾಕಿನ ಜೊತೆ. ಹಳ್ಳಿ ಹಳ್ಳಿಗೂ ಇರುವ ಹಂಪುಗಳನ್ನು ದಾಟಿಯೇ ಹೆದ್ದಾರಿಗೆ ಬರಬೇಕು ಎಂಬುದೂ ನೆನಪಿರಲಿ.

ಇಳಿಸುವುದಕ್ಕಿಂತ ಕ್ಯಾಂಬರ್ (ಚಕ್ರದ ಮೇಲ್ಭಾಗದ ಓರೆ; ಮೈನಸ್ ಎಂದರೆ ಒಳಕ್ಕೆ) ಲಾಭ ದೊಡ್ಡದು. ಮುಂದೆ ಮೈನಸ್ 2.5ರಿಂದ 3 ಡಿಗ್ರಿ ಸಿಕ್ಕರೆ ಸ್ಟ್ರಟ್ ಕಾರಿನ ಹೊರ ಟಯರು ತಿರುವಿನಲ್ಲಿ ಪೂರ್ತಿ ನೆಲಕ್ಕೆ ಕೂರುತ್ತದೆ. ಕ್ಯಾಂಬರ್ ಬೋಲ್ಟ್ ಒಂದು, ಒಂದೂವರೆ ಡಿಗ್ರಿ ಕೊಡುತ್ತದೆ, ಮಿಕ್ಕದ್ದಕ್ಕೆ ಮೇಲಿನ ಪ್ಲೇಟ್ ಬೇಕು. ಮುಂದೆ ಒಟ್ಟು 1-2 ಮಿ.ಮೀ. ಟೋ-ಔಟ್ (ಚಕ್ರಗಳ ಮುಂತುದಿ ಹೊರಕ್ಕೆ ತಿರುಗಿರುವುದು) ಇದ್ದರೆ ಕಾರು ಚುರುಕಾಗಿ ಒಳಗೆ ಬೀಳುತ್ತದೆ. ಹಿಂದೆ ಟೋ-ಔಟ್ ಮಾತ್ರ ಬೇಡವೇ ಬೇಡ, ಬ್ರೇಕ್ ಒತ್ತಿದಾಗ ಹಿಂಭಾಗ ಮುಂದಕ್ಕೆ ಬರುತ್ತದೆ. ಕ್ಯಾಂಬರ್ ಬದಲಿಸಿದರೆ ಟೋ ತಾನಾಗಿ ಬದಲಾಗುತ್ತದೆ. ಅಲೈನ್‌ಮೆಂಟಿನವರಿಗೆ ಕ್ಯಾಂಬರ್ ಮೊದಲು, ಟೋ ಆಮೇಲೆ ಎಂದು ಹೇಳಿ, ಪ್ರಿಂಟ್ ಇಟ್ಟುಕೊಳ್ಳಿ. ಹೋಗಿಬರುವ ಸಾವಿರ ಚಿಲ್ಲರೆ ಕಿಲೋಮೀಟರಿಗೆ 2 ಡಿಗ್ರಿಯೇ ವಾಸಿ, ಇಲ್ಲವಾದರೆ ಟಯರಿನ ಒಳ ಅಂಚು ಬೇಗ ಬೋಳಾಗುತ್ತದೆ.

ಹೊಸ ಅಲಾಯ್ ಹಾಕಿದ ಮೇಲೆ ನಟ್ ಸಡಿಲ ಆಗುತ್ತಿದೆ.

ನಟ್ಟಿನ ಕೂರುವ ಮುಖ ನೋಡಿ. ಹೋಂಡಾದ ಕಂಪನಿ ನಟ್ ಉಂಡೆಯಾಕಾರ, ಹೊರಗಿನ ಅಲಾಯ್‌ಗಳು ಬಹುಪಾಲು 60 ಡಿಗ್ರಿ ಕೋನದವು. ಉಂಡೆ ನಟ್ಟು ಕೋನದ ಗುಳಿಯಲ್ಲಿ ಒಂದು ಗೆರೆಯಷ್ಟೇ ತಾಗುತ್ತದೆ, ಎಷ್ಟು ಬಿಗಿದರೂ ಬಿಡುತ್ತದೆ. ಫೋಕ್ಸ್‌ವ್ಯಾಗನ್‌ದ್ದು ನಟ್ ಅಲ್ಲ, ಉಂಡೆ ಮುಖದ ಎಂ14 ಬೋಲ್ಟ್. ಬಿಗಿತ: ಸ್ವಿಫ್ಟ್‌ಗೆ ಅದರ ಕೈಪಿಡಿಯಲ್ಲಿ ಇರುವಷ್ಟು, ಹೋಂಡಾ ಸಿಟಿಗೆ 108 ನ್ಯೂಟನ್ ಮೀಟರ್, ಪೋಲೊಗೆ 120. ಟಾರ್ಕ್ ವ್ರೆಂಚಿನಲ್ಲೇ. ಪಂಕ್ಚರ್ ಅಂಗಡಿಯ ಗಾಳಿ ಗನ್ನಿನಲ್ಲಿ ಬಿಗಿದದ್ದು ಎಷ್ಟೆಂದು ಆ ಗನ್ನಿಗೂ ಗೊತ್ತಿರುವುದಿಲ್ಲ. ಮೊದಲ ಸೆಷನ್ ಆದ ಮೇಲೆ, ಚಕ್ರ ಆರಿದ ನಂತರ ಇನ್ನೊಮ್ಮೆ.

ಅಲಾಯಿನ ನಡುತೂತು ಹಬ್ಬಿಗಿಂತ (ಚಕ್ರ ಕೂರುವ ನಡುಗುಂಬ) ದೊಡ್ಡದಿದ್ದರೆ ರಿಂಗ್ ಬೇಕು. ಹರಿಹರದ ಲೇಥಿನವರಿಗೆ ಹಬ್ಬಿನ ಅಳತೆಯನ್ನೂ ತೂತಿನ ಅಳತೆಯನ್ನೂ ವರ್ನಿಯರ್‌ನಲ್ಲಿ ತೆಗೆದುಕೊಟ್ಟರೆ ಅಲ್ಯುಮಿನಿಯಂನಲ್ಲಿ ಕಡೆದುಕೊಡುತ್ತಾರೆ. ಆ ಊರು ಲೇಥ್ ಮೇಲೇ ಬೆಳೆದದ್ದು.

ಈಗಲಾದರೂ ರೀಮ್ಯಾಪ್ ಬಗ್ಗೆ ಹೇಳಿ.

ಟರ್ಬೊ ಇದ್ದರೆ ರೀಮ್ಯಾಪಿನಿಂದ ಗಣನೀಯ ಲಾಭ. ಟರ್ಬೊ ಇಲ್ಲದ 1.2ಕ್ಕೆ ಸಿಗುವುದು ಬೆರಳೆಣಿಕೆಯ ಕುದುರೆ. ಅದೇ ದುಡ್ಡಿನ ಟಯರು ಇದಕ್ಕಿಂತ ಹೆಚ್ಚು ಸೆಕೆಂಡು ತೆಗೆಯುತ್ತದೆ.

ಎರಡು ಕಡೆ ಎಚ್ಚರ. ಒಂದು ಪೆಟ್ರೋಲು. ಎಥನಾಲ್ ಇಲ್ಲದ ಪೆಟ್ರೋಲಿಗೆ ಗಾಳಿ-ಇಂಧನದ ಸರಿಯಾದ ಪ್ರಮಾಣ 14.7 ಇದ್ದರೆ ಇ20ಗೆ (20 ಪರ್ಸೆಂಟ್ ಎಥನಾಲ್ ಇರುವ ಪೆಟ್ರೋಲು) ಸುಮಾರು 13.5. ಹಳೇ ಅಂಕಿಯ ಮೇಲೆ ಟ್ಯೂನ್ ಮಾಡಿದ ಕಾರಿಗೆ ಇ20 ಹಾಕಿದರೆ ಮಿಶ್ರಣ ತೆಳುವಾಗುತ್ತದೆ, ಪೂರ್ತಿ ಥ್ರಾಟಲ್‌ನಲ್ಲಿ ಪಿಸ್ಟನ್ ಕಾಯುತ್ತದೆ. ವೈಡ್‌ಬ್ಯಾಂಡ್ ಮೀಟರ್ (ಮಿಶ್ರಣ ಅಳೆಯುವುದು) ಹಾಕಿಸಿ, ಲ್ಯಾಂಬ್ಡಾದಲ್ಲಿ (1 ಎಂದರೆ ಸರಿಯಾದ ಪ್ರಮಾಣ, ಇಳಿದಷ್ಟೂ ಪೆಟ್ರೋಲು ಜಾಸ್ತಿ) ಓದಿ: ಟರ್ಬೊ ಇಲ್ಲದ್ದಕ್ಕೆ ಪೂರ್ತಿ ಥ್ರಾಟಲ್‌ನಲ್ಲಿ 0.86-0.90, ಟರ್ಬೊಗೆ 0.78-0.82. ಎಸ್ಟೀಮ್ ಕಾಲದ ಕಾರಿನ ರಬ್ಬರ್ ಇಂಧನ ಪೈಪುಗಳನ್ನು ಎಥನಾಲ್ ತಡೆಯುವ ಪೈಪಿಗೆ ಬದಲಿಸಿ, ಹಳೆಯವು ಉಬ್ಬಿ ಬಿರಿಯುತ್ತವೆ. ಎಂಜಿನ್ ಬಿಸಿಯ ಪಕ್ಕದಲ್ಲೇ ಪೆಟ್ರೋಲು ತೊಟ್ಟಿಕ್ಕುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಎತ್ತರ. ದಾವಣಗೆರೆಯ ಗಾಳಿಗಿಂತ ಚೆನ್ನೈ ಬಯಲಿನ ಗಾಳಿ ಅದೇ ಶಾಖದಲ್ಲಿ ಸುಮಾರು 7 ಪರ್ಸೆಂಟ್ ದಟ್ಟ. ಮ್ಯಾಪ್ ಸೆನ್ಸರ್ (ಗಾಳಿಯ ಒತ್ತಡ ಅಳೆಯುವುದು) ಇರುವ ಕಾರು ತಾನೇ ಸರಿದೂಗಿಸಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಕಾರನ್ನು ಇಲ್ಲಿ ಅಂಚಿಗೆ ಟ್ಯೂನ್ ಮಾಡಿದ್ದರೆ ಅಲ್ಲಿ ತೆಳುವಾಗುತ್ತದೆ, ಒಂದೆರಡು ಸೈಜ್ ದೊಡ್ಡ ಜೆಟ್ (ಪೆಟ್ರೋಲು ಬಿಡುವ ಸಣ್ಣ ತೂತಿನ ಬಿಡಿಭಾಗ) ಜೊತೆಗಿರಲಿ.

ಎಂಜಿನ್ ಕಾಯುತ್ತದೆ. ಥರ್ಮೋಸ್ಟಾಟ್ ಕಿತ್ತು ಹಾಕಲಾ?

ಬೇಡ. ರೇಡಿಯೇಟರಿನ ಹೊರಮೈ ಮೊದಲು ನೋಡಿ. ನಮ್ಮ ಕಡೆಯ ಕೆಂಪುಧೂಳು, ಹತ್ತಿಯ ನಾರು, ಹುಳ ಎಲ್ಲ ಸೇರಿ ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕಂಬಳಿ ಹಾಸಿರುತ್ತವೆ. ಎರಡನ್ನೂ ಬಿಡಿಸಿ ಒಳಗಿನಿಂದ ಹೊರಕ್ಕೆ ನೀರು ಬಿಡಿ, ಪ್ರೆಷರ್ ಗನ್ ಹತ್ತಿರ ಹಿಡಿದರೆ ರೆಕ್ಕೆ ಮಡಚುತ್ತವೆ. ರೇಡಿಯೇಟರ್ ಕ್ಯಾಪಿನ ರಬ್ಬರ್ ಸೆಟೆದಿದ್ದರೆ ಬದಲಿಸಿ. ಒತ್ತಡ ನಿಲ್ಲದಿದ್ದರೆ ಕೂಲೆಂಟ್ ಬೇಗ ಕುದಿಯುತ್ತದೆ.

ಎಂಜಿನ್ ಆಯಿಲ್ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗೇ ಇರಲಿ. ಉದ್ದನೆಯ ತಿರುವಿನಲ್ಲಿ ಆಯಿಲೆಲ್ಲ ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿ) ಒಂದು ಪಕ್ಕಕ್ಕೆ ಸರಿದು ಪಂಪು ಗಾಳಿ ಹೀರುತ್ತದೆ. ತಿರುವಿನ ನಡುವೆ ಆಯಿಲ್ ಲೈಟ್ ಮಿನುಗಿದರೆ ಅದು ಸೆನ್ಸರ್ ದೋಷ ಎಂದು ಸಮಾಧಾನ ಮಾಡಿಕೊಳ್ಳಬೇಡಿ, ಬೇರಿಂಗ್ ಒಣಗಿ ತಿರುಗುತ್ತಿದೆ. ಹಿಡಿತ ಜಾಸ್ತಿಯ ಟಯರ್ ಹಾಕಿದ ಮೇಲೆಯೇ ಈ ಕಾಟ ಶುರುವಾಗುವುದು. ಸಂಪಿನೊಳಗೆ ತಡೆಹಲಗೆ ಬೆಸುಗೆ ಹಾಕಿಸುವುದೇ ಪರಿಹಾರ.

ರೋಲ್ ಕೇಜ್ (ಒಳಗಿನ ಉಕ್ಕಿನ ಪೈಪಿನ ಚೌಕಟ್ಟು), ಹಾರ್ನೆಸ್ (ರೇಸಿನ ಬೆಲ್ಟು) ಹಾಕಿಸಲೇಬೇಕಾ?

ನಿಮ್ಮ ಕ್ಲಾಸಿನ ನಿಯಮ ನೋಡಿ. ಹಾಕಿಸುವುದಿದ್ದರೆ ಸರಿಯಾಗಿ, ಇಲ್ಲವಾದರೆ ಬೇಡ. ಎಫ್‌ಐಎ ಪ್ರಕಾರ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ 2.5 ಮಿ.ಮೀ. ದಪ್ಪ, ಇಲ್ಲವೇ 50 ವ್ಯಾಸ 2.0 ದಪ್ಪದ, ಬೆಸುಗೆ ಗೆರೆ ಇಲ್ಲದ ಕೋಲ್ಡ್ ಡ್ರಾನ್ ಉಕ್ಕಿನ ಪೈಪು. ಕಮಾನಿನ ಪಾದದ ಕೆಳಗೆ ಕನಿಷ್ಠ 120 ಚದರ ಸೆಂ.ಮೀ., 3 ಮಿ.ಮೀ. ದಪ್ಪದ ಪ್ಲೇಟು, ಒಂದೊಂದು ಪಾದಕ್ಕೂ ಮೂರು ಎಂ8 ಬೋಲ್ಟು, 8.8 ದರ್ಜೆ. ಗೇಟು ಮಾಡುವ ಫ್ಯಾಬ್ರಿಕೇಶನ್ ಅಂಗಡಿಯ ಜಿಐ ಪೈಪಿನ ಕೇಜು ಉರುಳಿದಾಗ ಮಡಚಿ ಒಳಗೇ ಬರುತ್ತದೆ.

ರಸ್ತೆಯಲ್ಲೂ ಓಡಿಸುವ ಕಾರಿಗೆ ಕೇಜ್ ಬೇಡ ಎಂಬುದು ನಮ್ಮ ಖಚಿತ ಮಾತು. ಹೆಲ್ಮೆಟ್ ಇಲ್ಲದ ತಲೆಯಿಂದ ಕೈಯಳತೆಯಲ್ಲಿ ಉಕ್ಕಿನ ಪೈಪು ಇದ್ದರೆ ಶಿರಾ ಹತ್ತಿರದ ಸಣ್ಣ ಡಿಕ್ಕಿಯೇ ತಲೆಬುರುಡೆಗೆ ಸಾಕು. ಹಾಗೆಯೇ ಕಂಪನಿ ಸೀಟಿಗೆ ನಾಲ್ಕು ಪಾಯಿಂಟಿನ ಹಾರ್ನೆಸ್ ಕಟ್ಟುವುದೂ ಬೇಡ: ಡಿಕ್ಕಿಯಲ್ಲಿ ಮೈ ಬೆಲ್ಟಿನಡಿಯಿಂದ ಮುಂದೆ ಜಾರುತ್ತದೆ, ಸೊಂಟದ ಪಟ್ಟಿ ಹೊಟ್ಟೆಗೆ ಏರುತ್ತದೆ. ಬಕೆಟ್ ಸೀಟು, ಆರು ಪಾಯಿಂಟು, ಕುತ್ತಿಗೆ ಕಾಪಾಡುವ ಹಾನ್ಸ್ ಸಾಧನ ಮೂರೂ ಒಟ್ಟಿಗೆ, ಇಲ್ಲವೇ ಕಂಪನಿಯ ಮೂರು ಪಾಯಿಂಟಿನ ಬೆಲ್ಟೇ. ಎಫ್‌ಐಎ ಹಾರ್ನೆಸ್ಸಿನ ಲೇಬಲ್ಲಿನಲ್ಲಿ ಅವಧಿ ಬರೆದಿರುತ್ತದೆ, ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮೊದಲು ಅದನ್ನೇ ನೋಡಿ.

ಬೈಕಿನ ಹೆಲ್ಮೆಟ್ ನಡೆಯುತ್ತಾ?

ಕೆಲವು ಟ್ರ್ಯಾಕ್ ಡೇಗಳಲ್ಲಿ ಬಿಡಬಹುದು, ಸ್ಪರ್ಧೆಯಲ್ಲಿ ನಂಬಿಕೊಂಡು ಹೋಗಬೇಡಿ. ಕಾರಿನ ಹೆಲ್ಮೆಟ್ಟಿನ ಒಳಬಟ್ಟೆ ಬೆಂಕಿ ತಡೆಯುತ್ತದೆ, ಬೈಕಿನದು ಕರಗುತ್ತದೆ. ಸ್ನೆಲ್ ಎಸ್‌ಎ2020 ಅಥವಾ ಎಫ್‌ಐಎ 8859 ಗುರುತು ಒಳಗಡೆ ಅಂಟಿಸಿರಬೇಕು. ಬಟ್ಟೆ ಹತ್ತಿಯದ್ದಿರಲಿ, ಪಾಲಿಯೆಸ್ಟರ್ ಜೆರ್ಸಿ ಬೇಡ. ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನವರಿಗೆ ಹತ್ತಿ ಬಟ್ಟೆ ಹುಡುಕಿಕೊಡಬೇಕೇ?

ಸ್ಕ್ರೂಟಿನಿಯಲ್ಲಿ (ಓಟಕ್ಕೆ ಮುಂಚಿನ ಕಾರು ತಪಾಸಣೆ) ಯಾವುದಕ್ಕೆ ವಾಪಸ್ ಕಳಿಸುತ್ತಾರೆ?

ದೊಡ್ಡ ವಿಷಯಕ್ಕಲ್ಲ. ಅಲುಗಾಡುವ ಬ್ಯಾಟರಿ, ಮುಚ್ಚಳ ಇಲ್ಲದ ಪ್ಲಸ್ ಟರ್ಮಿನಲ್, ಆಯಿಲ್ ಜಿನುಗು, ಕಾರು ಎಳೆಯಲು ಹುಕ್ಕು ಇಲ್ಲದಿರುವುದು, ಕೆಲಸ ಮಾಡದ ಬ್ರೇಕ್ ಲೈಟು, ಸೀಟಿನಡಿ ಉರುಳುವ ನೀರಿನ ಬಾಟಲಿ, ಟೇಪಿನಲ್ಲಿ ಅಂಟಿಸಿದ ಅಗ್ನಿಶಾಮಕ. ಕೊನೆಯದು 2 ಕೆಜಿಯದ್ದು, ಉಕ್ಕಿನ ಎರಡು ಪಟ್ಟಿಯಲ್ಲಿ ನೆಲಕ್ಕೆ ಬೋಲ್ಟ್ ಆಗಿರಲಿ. ಫ್ಲೋರ್ ಮ್ಯಾಟ್ ಮನೆಯಲ್ಲೇ ಬಿಡಿ, ಪೆಡಲಿಗೆ ಸಿಕ್ಕಿಕೊಳ್ಳುತ್ತದೆ.

ಪೆಟ್ರೋಲ್ ಎಷ್ಟು ಬೇಕು?

ಪೂರ್ತಿ ಒತ್ತಿ ಓಡಿಸುವಾಗ ಸಣ್ಣ ಪೆಟ್ರೋಲ್ ಕಾರು ಲೀಟರಿಗೆ 3-4 ಕಿ.ಮೀ. ಕೊಡುತ್ತದೆ. ಇರುಂಗಾಟ್ಟುಕೋಟೈಯಲ್ಲಿ 20 ನಿಮಿಷ ಪೂರ್ತಿ ಓಡಿಸಿದರೆ ಎಂಟು-ಒಂಬತ್ತು ಸುತ್ತು, ಅಂದರೆ ಸುಮಾರು 32 ಕಿ.ಮೀ., ಹತ್ತು ಲೀಟರ್ ಇಟ್ಟುಕೊಳ್ಳಿ. ಟ್ಯಾಂಕು ಕಾಲಿಗಿಂತ ಕಮ್ಮಿ ಇದ್ದರೆ ತಿರುವಿನಲ್ಲಿ ಪೆಟ್ರೋಲು ಪಕ್ಕಕ್ಕೆ ಸರಿದು ಎಂಜಿನ್ ಕೆಮ್ಮುತ್ತದೆ. ತೂಕ ಉಳಿಸಲು ತಳ ಬಳಿದು ಓಡಿಸುವವರು ಅಲ್ಲೇ ಸುತ್ತು ಕಳೆದುಕೊಳ್ಳುತ್ತಾರೆ. ತೂಕವೇ ಚಿಂತೆಯಾದರೆ ಸ್ಟೆಪ್ನಿ, ಜ್ಯಾಕು ಪಿಟ್ಟಿನಲ್ಲಿ ಇಳಿಸಿ. ಹಿಂದಿನ ದಿನ ಬೆಣ್ಣೆ ದೋಸೆ ಎರಡು ಕಮ್ಮಿ ತಿನ್ನುವುದೂ ನಿಯಮಬದ್ಧವೇ.

ಆ ದಿನ ಹೇಗೆ ಓಡಿಸಬೇಕು?

ಮೊದಲ ಸೆಷನ್ ಸಮಯ ನೋಡದೆ ಓಡಿಸಿ. ಬ್ರೇಕ್ ನೇರದಲ್ಲೇ ಮುಗಿಸಿ, ತಿರುವಿಗೆ ನಿಧಾನ ಹೋಗಿ, ಸ್ಟೀರಿಂಗ್ ಬಿಚ್ಚುತ್ತಾ ಬಂದ ಹಾಗೆ ಥ್ರಾಟಲ್ ಒತ್ತಿ. 3.717 ಕಿ.ಮೀ.ಗೆ 2 ನಿಮಿಷ 20 ಸೆಕೆಂಡ್ ತೆಗೆದುಕೊಂಡರೆ ಸರಾಸರಿ ಗಂಟೆಗೆ 95ರ ಸುಮಾರು, ಒಂದು ಸೆಕೆಂಡೆಂದರೆ 26 ಮೀಟರು. ತಿರುವಿನ ನಡುವಿನ ವೇಗ ಗಂಟೆಗೆ ಮೂರು-ನಾಲ್ಕು ಏರಿದರೆ ಮುಂದಿನ ನೇರದುದ್ದಕ್ಕೂ ಆ ಬಡ್ಡಿ ಸಿಗುತ್ತದೆ. ಇದನ್ನು ನೋಡಲು ರೇಸ್‌ಕ್ರೋನೊ ಥರದ ಆ್ಯಪ್ ಸಾಕು, ಆದರೆ ಫೋನಿನ ಜಿಪಿಎಸ್ ಸೆಕೆಂಡಿಗೊಮ್ಮೆ ಮಾತ್ರ ಲೆಕ್ಕ ಹಾಕುತ್ತದೆ. 10 ಹರ್ಟ್ಸ್‌ನ ಹೊರ ರಿಸೀವರ್ ಇದ್ದರೆ ಅಂಕಿ ನಂಬಬಹುದು.

ರಸ್ತೆ ಟಯರಿನಲ್ಲಿ ಒಳ್ಳೆಯ ಸಮಯ ಬರುವುದು ಒಂದು ಇಲ್ಲವೇ ಎರಡನೇ ಜೋರು ಸುತ್ತಿಗೆ. ಆಮೇಲೆ ಟಯರು ಕಾದು ಜಾರುತ್ತದೆ, ಎಷ್ಟು ಗುದ್ದಾಡಿದರೂ ಸಮಯ ಹಿಂದಕ್ಕೇ.

ಬಾವುಟ: ಹಳದಿ ಎಂದರೆ ಮುಂದೆ ಅಪಾಯ, ಹಿಂದಿಕ್ಕುವಂತಿಲ್ಲ. ಹಳದಿಯಲ್ಲಿ ಕೆಂಪು ಪಟ್ಟಿ ಎಂದರೆ ಜಾರು ನೆಲ. ನೀಲಿ ಎಂದರೆ ಹಿಂದೆ ವೇಗದ ಕಾರು. ಕೆಂಪು ಎಂದರೆ ಓಟ ನಿಂತಿದೆ, ನಿಧಾನ ಪಿಟ್ಟಿಗೆ ಬನ್ನಿ. ನಿಮ್ಮ ನಂಬರಿನ ಜೊತೆ ಕಿತ್ತಳೆ ಚುಕ್ಕೆಯ ಕಪ್ಪು ಬಾವುಟ ಬಂದರೆ ನಿಮ್ಮ ಕಾರಿನಲ್ಲೇ ಏನೋ ಸೋರುತ್ತಿದೆ ಅಥವಾ ನೇತಾಡುತ್ತಿದೆ.

ಪಿಟ್ಟಿನಲ್ಲಿ ನಿಲ್ಲಿಸಿದಾಗ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಕಾದ ಪ್ಯಾಡು, ಶೂಗಳು ಅಲ್ಲೇ ಅಂಟಿಕೊಳ್ಳುತ್ತವೆ. ಗೇರಿಗೆ ಹಾಕಿ, ಚಕ್ರಕ್ಕೆ ಮರದ ತುಂಡು ಕೊಡಿ.

ಊರಲ್ಲೇ ಅಭ್ಯಾಸ ಮಾಡುವುದು ಹೇಗೆ?

ಖಾಸಗಿ ಜಾಗ, ಮಾಲೀಕರ ಲಿಖಿತ ಒಪ್ಪಿಗೆ, ಸುತ್ತ ಜನ-ದನ ಇಲ್ಲದಿರುವುದು. ಇಷ್ಟು ಸಿಕ್ಕರೆ ಹತ್ತು ಕೋನು 15-18 ಮೀಟರ್ ಅಂತರದಲ್ಲಿ ನೇರಕ್ಕೆ ಇಟ್ಟು ನುಸುಳಿ, 60ರ ವೇಗ ಮೀರುವ ಪ್ರಮೇಯವೇ ಬರುವುದಿಲ್ಲ. ಮಣ್ಣಿನ ನೆಲವಾದರೆ ಏರ್ ಫಿಲ್ಟರ್ ಅದೇ ಸಂಜೆ ತೆಗೆದು ನೋಡಿ. ದುರ್ಗದ ಗುಡ್ಡದ ಗಾಳಿಯಂತ್ರ ತಿರುಗಿಸುವ ಗಾಳಿ ನಿಮ್ಮ ಕೋನುಗಳನ್ನೂ ಬಿಡುವುದಿಲ್ಲ, ಒಳಗೆ ಮರಳು ತುಂಬಿ.

ಮುಗಿಯಿತು. ಹಾಗೇ ಊರಿಗೆ ಹೊರಡಬಹುದಾ?

ಕಾರು ಆರಲಿ, ಕನಿಷ್ಠ ಒಂದು ಗಂಟೆ. ಚಕ್ರ ಬಿಚ್ಚಿ ರಸ್ತೆಯ ಟಯರ್ ಹಾಕುವಾಗಲೇ ಪ್ಯಾಡಿನ ದಪ್ಪ ನೋಡಿ. ತಗಡು ಬಿಟ್ಟು 3 ಮಿ.ಮೀ. ಉಳಿದಿಲ್ಲವಾದರೆ ಜೊತೆಗೆ ತಂದ ಹಳೇ ಪ್ಯಾಡ್ ಹಾಕಿ. ಡಿಸ್ಕಿನಲ್ಲಿ ಕೂದಲೆಳೆ ಬಿರುಕು ಅಂಚಿಗೆ ಮುಟ್ಟಿದೆಯೇ, ಡ್ರೈವ್ ಶಾಫ್ಟಿನ ಬೂಟು ಹರಿದು ಗ್ರೀಸ್ ಚಿಮ್ಮಿದೆಯೇ, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿದರೆ ಬೇರಿಂಗ್ ಆಡುತ್ತದೆಯೇ ನೋಡಿ. ಟಯರಿಗೆ ಮತ್ತೆ ಗಾಳಿ ತುಂಬಿಸಿ. ಬಿಸಿಯಲ್ಲಿ ಇಳಿಸಿದ್ದು ತಣ್ಣಗಾದ ಮೇಲೆ 27ಕ್ಕೆ ಬಂದಿರುತ್ತದೆ, ಆ ಗಾಳಿಯಲ್ಲಿ ಹೆದ್ದಾರಿ ಹತ್ತಿದರೆ ಪಕ್ಕೆ ಕಾಯುತ್ತದೆ. ಆಯಿಲ್ ಅಳೆಯಿರಿ, ಅರ್ಧ ಲೀಟರ್ ಕಮ್ಮಿಯಾಗಿದ್ದರೆ ಆಶ್ಚರ್ಯವಿಲ್ಲ. ಟೋಲಿನಲ್ಲಿ ನಿಂತಾಗ ಪೆಡಲ್ ಒಮ್ಮೆ ಒತ್ತಿ ಹಿಡಿದು ನೋಡಿ. ನಿಧಾನವಾಗಿ ಕೆಳಗೆ ಇಳಿಯುತ್ತಿದ್ದರೆ ಕೃಷ್ಣಗಿರಿಯಲ್ಲೇ ನಿಲ್ಲಿಸಿ, ಬ್ಲೀಡ್ ಮಾಡಿಸಿ ಮುಂದಕ್ಕೆ ಹೊರಡಿ.